ನಾಲ್ಕನೇ ಸೀಟು

ಕ್ವಾರ್ಟ್ಜ್ ನಳಿಗೆಯ ತುದಿಗೆ ಸಾಸಿವೆಯಷ್ಟು ತೂತು.
ಒಳಗೆ ಕಬ್ಬಿಣ, ನಿಕ್ಕಲ್, ಬೋರಾನ್
ಯಾರು ಯಾರೆಂದು ಗುರುತು ಸಿಗದಂತೆ
ಒಂದೇ ಕೆಂಪಾಗಿ ಕುದಿಯುತ್ತವೆ.
ಕೆಳಗೆ ತಾಮ್ರದ ಗಾಲಿ ತಿರುಗುವ ರಭಸ
ಕಿವಿಗೆ ಒಂದೇ ಎಳೆಯ ಗುಂಯ್.
ನಾನು ಆರ್ಗಾನ್ ಕೀಲಿ ತಿರುವುತ್ತೇನೆ.
ಅಷ್ಟೇ.
ರೆಪ್ಪೆ ಬಡಿಯುವುದರೊಳಗೆ ಬೆಳ್ಳಿಬಣ್ಣದ ಪಟ್ಟಿ
ಡಬ್ಬಿಯ ತುಂಬ ಹಾರಿ ಬಿದ್ದಿರುತ್ತದೆ
ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಸಾಲು ಹಿಡಿಯಲು ಕಣಗಳಿಗೆ ಪುರಸೊತ್ತೇ ಸಿಗಲಿಲ್ಲ.
ಇದ್ದಲ್ಲಿ ಇದ್ದ ಹಾಗೇ ಹೆಪ್ಪುಗಟ್ಟಿದವು,
ಒಂದರ ಮೊಣಕೈ ಇನ್ನೊಂದರ ಪಕ್ಕೆಗೆ,
ನಡುವೆ ಅಲ್ಲಲ್ಲಿ ಯಾರಿಗೂ ದಕ್ಕದ ಸಂದು.
ಪರೂಳೇಕರ್ ಮೇಡಂ ಇದಕ್ಕೆ ಗಾಜು ಅನ್ನುತ್ತಾರೆ.
ಲೋಹದ ಗಾಜು. ಆಚೆ ಏನೂ ಕಾಣದ ಗಾಜು.
ನಾನು ಅನ್ನುವುದು:
ಕಲ್ವಾದಲ್ಲಿ ಹತ್ತಿದ ಎಂಟೂ ಹನ್ನೆರಡರ ಲೋಕಲ್ಲು.

ಭಾಂಡೂಪ್ ಬರುವತನಕ ಕಾಯಿರಿ.
ಒಂದು ಜರ್ಕು, ಒಂದು ತಿರುವು,
ಯಾರೋ ಚೀಲ ಮೇಲಿಟ್ಟ, ಯಾರೋ ಉಸಿರು ಬಿಟ್ಟ.
ಒಬ್ಬರೂ ಇಳಿಯಲಿಲ್ಲ, ಆದರೂ ಜಾಗ ಆಯಿತು.
ಮೂವರ ಬಾಕಿನ ತುದಿಗೆ ನನಗೆ ನಾಲ್ಕನೇ ಸೀಟು,
ಒಂದು ತೊಡೆ ಹಲಗೆಯ ಮೇಲೆ
ಇನ್ನೊಂದು ಗಾಳಿಯ ಮೇಲೆ.

ಟ್ರಾಂಬೆಯಲ್ಲಿ ನಾವು ಅಳೆಯುವುದೂ ಇದನ್ನೇ.
ಪಟ್ಟಿಗೆ ನಾಲ್ಕು ತಂತಿ:
ಎರಡರಲ್ಲಿ ಕರೆಂಟು ಹೋಗಿ ಬರುತ್ತದೆ,
ಎರಡು ಸುಮ್ಮನೆ ಕಿವಿಗೊಟ್ಟು ಕೂತಿರುತ್ತವೆ.
ಮುನ್ನೂರು ಡಿಗ್ರಿಯಲ್ಲಿ ಇಡೀ ರಾತ್ರಿ.
ಬಿಸಿ ತಾಗಿದ ಕಣಗಳು ಒಳಗೊಳಗೇ ಸರಿದು
ಸಂದು ಮುಚ್ಚಿ, ಮೈ ಸಡಿಲಿಸಿ ಕೂರುತ್ತವೆ.
ಮೀಟರಿನ ಅಂಕಿ ಇಳಿಯುತ್ತದೆ,
ನೂರಕ್ಕೆ ಒಂದು ಪಾಲು,
ಅದೂ ಬೆಳಗಿನ ಹಾಲಿನವನು ಬರುವ ಹೊತ್ತಿಗೆ.
ಇನ್ನೂ ನೂರು ಡಿಗ್ರಿ ಏರಿಸಿದರೋ
ಎಲ್ಲ ಸಾಲಾಗಿ ಎದ್ದು ನಿಂತು ಅಂಕಿ ದೊಪ್ಪನೆ ಬೀಳುತ್ತದೆ.
ಆಮೇಲೆ ಅದು ಗಾಜಲ್ಲ, ಬರೀ ಲೋಹ;
ಮೇಡಂ ಬುಟ್ಟಿಗೆ ಹಾಕುತ್ತಾರೆ.

ಒಮ್ಮೆ ಹೀಗಾಯಿತು.
ಒಂದು ಬಿಸಿಯಲ್ಲಿ ದಿನಗಟ್ಟಲೆ ಇಟ್ಟ ಪಟ್ಟಿಯನ್ನು
ಇನ್ನೊಂದು ಬಿಸಿಗೆ ಒಯ್ದೆವು.
ಹೊಸ ಬಿಸಿಗೆ ಎಷ್ಟು ಬೇಕೋ ಅಷ್ಟೇ ಇತ್ತು ಅಂಕಿ,
ಅಲುಗುವ ಕಾರಣವೇ ಇರಲಿಲ್ಲ.
ಆದರೂ ಎದ್ದು ಹೊರಟಿತು, ದೂರ ಹೋಯಿತು,
ತಿರುಗಿ ಹೊರಟ ಜಾಗಕ್ಕೇ ಬಂದು ಕೂತಿತು.
ಹಳೆಯ ಬಿಸಿಯ ನೆನಪು, ಅಂದರು ಮೇಡಂ.
ನನಗೆ ಅಂಥ ಆಶ್ಚರ್ಯ ಆಗಲಿಲ್ಲ.
ಅಕ್ಕಲಕೋಟೆಯಲ್ಲಿ ಇಳಿದ ಮೊದಲ ದಿನ
ಚಿಗವ್ವನ ಮುಂದೆ ಮರಾಠಿ ಬಂದುಬಿಡುತ್ತದೆ ಬಾಯಿಗೆ.
"ಏನಾತೋ ಶಾಂತಮಲ್ಲ ನಿನಗ?"
ಮೂರನೇ ದಿನಕ್ಕೆ ನಾಲಿಗೆ ಸರಿಹೋಗುತ್ತದೆ.
ಅಷ್ಟರಲ್ಲಿ ರಜೆ ಮುಗಿದಿರುತ್ತದೆ.

ಕುಲುಮೆಗೆ ಹೋಗುವ ಮುಂಚೆ ಪಟ್ಟಿಯನ್ನು
ಬಸ್ ಟಿಕೀಟಿನ ಹಾಗೆ ಮಡಿಚಬಹುದು,
ಉಗುರಲ್ಲಿ ಗೆರೆ ತೀಡಿದರೂ ಮುರಿಯದು.
ರಾತ್ರಿಯೆಲ್ಲ ನೆಮ್ಮದಿ ಉಂಡ ಪಟ್ಟಿಯನ್ನು
ಬೆಳಿಗ್ಗೆ ಚಿಮಟದಲ್ಲಿ ಎತ್ತಿದೆ.
ಹಪ್ಪಳ.
"ಅಂಕಿ ಬಂತಲ್ಲ, ಬಿಡಿ" ಅಂದರು ಮೇಡಂ.
ಪೇಪರಿನ ಕೊನೆಗೆ ಸಣ್ಣಕ್ಷರದಲ್ಲಿ
ನನಗೊಂದು ವಂದನೆ ಇರುತ್ತದೆ.
ಮುರಿದ ಸಂಗತಿ ಇರುವುದಿಲ್ಲ.

ಕಲ್ವಾದ ಒಂದೂವರೆ ಕೋಣೆಗೆ ನಾವು ಬಂದು ಇಪ್ಪತ್ತಾರು ವರ್ಷ.
ಕಪಾಟು ಎಲ್ಲಿ, ಯಾರ ಟವೆಲು ಯಾವ ಮೊಳೆಗೆ,
ಎಲ್ಲ ಸರಿದು ಸರಿದು ಕೂತಿದೆ.
ಕತ್ತಲಲ್ಲೂ ಯಾರೂ ಯಾರಿಗೂ ತಾಗುವುದಿಲ್ಲ.
ಮೊನ್ನೆ ನೀಲವ್ವ
ಮಂಚ ಒಂದಿಷ್ಟು ಕಿಟಕಿ ಕಡೆ ಎಳೆಯೋಣ ಅಂದಳು.
ಅಷ್ಟಕ್ಕೇ
ನಾನು ಮುರಿದ ಸದ್ದು ಪಕ್ಕದ ಮನೆಗೂ ಕೇಳಿಸಿತು.

ರೈಲ್ವೆ ಪಾಸಿನ ಕವರಿನಲ್ಲಿ
ಮೊದಲ ವರ್ಷದ ಪಟ್ಟಿಯ ತುಂಡೊಂದಿದೆ,
ಮುಂಬಯಿಯ ಸೆಕೆ ಬಿಟ್ಟರೆ
ಬೇರೆ ಬಿಸಿ ಕಾಣದ್ದು.
ಇವತ್ತು ವಿಕ್ರೋಳಿ ದಾಟುವಾಗ ತೆಗೆದು,
ಕೈ ಸ್ವಲ್ಪ ನಡುಗಿತು,
ಮಡಿಚಿದೆ.
ಮಡಿಚಿತು.

"ಕಾಯ್ ಆಹೇ ತೇ?" ಅಂದ ಪಕ್ಕದವನು.
ಗಾಜು, ಅಂದೆ.
ಅವನು ನಂಬಲಿಲ್ಲ.
ಆದರೂ ನಾಲ್ಕು ಬೆರಳು ಆಚೆ ಸರಿದ.